ಬೋಗುಣಿಯೊಳಗಿನ ಕೀಲಿಗಳು

ಮಾರ್ಚ್ 1, ಶುಕ್ರವಾರ

ಮತ್ತೆ ಮನೆ ಬದಲಾಯಿಸಿದ್ದಾಯಿತು. ಇದು ಎಷ್ಟನೆಯ ಮನೆ ಎಂಬ ಲೆಕ್ಕ ಅಕ್ಕನ ಬಳಿ ಇದೆ, ಕೇಳಿದರೆ ಹೇಳುತ್ತಾಳೆ. ಅದಕ್ಕೇ ಕೇಳುವುದಿಲ್ಲ. ಹಿಂದಿನ ಮನೆಯ ಮಾಲೀಕನಿಗೂ ನೀರಿನ ಮೀಟರಿಗೂ ಏನೋ ಒಳಸಂಬಂಧವಿತ್ತು. ಅದರ ಹಿಂದಿನ ಮನೆಯಲ್ಲಿ ಮಹಡಿಯವರು ನನ್ನ ಪತ್ರಿಕೆಯನ್ನು ಮೊದಲು ತಾವು ಓದಿ, ಆಮೇಲೆ ಮಡಿಸಿ ನನ್ನ ಬಾಗಿಲಿಗೆ ಹಾಕುತ್ತಿದ್ದರು. ಮಡಿಕೆ ನೋಡಿದರೆ ತಿಳಿಯುತ್ತಿತ್ತು.

"ಅವ್ರು ಓದಿದ್ರೆ ಅಕ್ಷರ ಸವೆದು ಹೋಗತ್ತೇನೋ?" ಎಂದಳು ಅಕ್ಕ ಆಗ.

ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬದುಕಿಡೀ ಇವರ ತಂತಿಯನ್ನು ಅವರಿಗೆ ಚುಚ್ಚಿ ಊರನ್ನೇ ಮಾತಾಡಿಸಿದವಳು. ನಾನು ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡಿದವನು. ಸುಟ್ಟ ಅಂಗಡಿ, ಕಳೆದುಹೋದ ಒಡವೆ, ಹಳ್ಳಕ್ಕೆ ಬಿದ್ದ ಲಾರಿ, ಯಾವುದರ ಮುಂದೆ ನಿಂತರೂ "ಇದು ನಿಜವೇ?" ಎಂದು ಕೇಳುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಸಂಬಳವಿಲ್ಲದೆ ಕೇಳುತ್ತಿದ್ದೇನೆ. ಸಮಾಜಸೇವೆ ಎಂದರೆ ಇದೇ. ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗಿದ್ದಾಳೆ. ನಾನು ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರ ಬಗ್ಗೆ ನನ್ನ ವಿಚಾರಣೆ ಮುಗಿಯುವಷ್ಟರಲ್ಲಿ ಹೆಣ್ಣಿಗೆ ಬೇರೆ ಕಡೆ ಮದುವೆಯಾಗಿರುತ್ತಿತ್ತು.

ಈ ಮನೆಯ ಕರಾರು ಮೇ ಕೊನೆಯವರೆಗೆ. ಅಷ್ಟರೊಳಗೆ ಇರುತ್ತೇವೋ ಬಿಡುತ್ತೇವೋ ಹೇಳಬೇಕು. ಸಾಮಾನು ಇಳಿಸುತ್ತಿದ್ದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ನೋಡು, ಮತ್ತೆ ಇಲ್ಲಿಂದ ಗಂಟು ಕಟ್ಟೋದಾದ್ರೆ ನಿಂದೊಂದು ಕಟ್ಕೊಂಡು ಹೋಗು. ನಾನು ಇದೇ ಬೀದೀಲಿ ಒಂದು ಕೋಣೆ ಹಿಡಿದು ಇರ್ತೀನಿ."

ತಮಾಷೆ ಇರಬೇಕು. ಆದರೆ ನಗಲಿಲ್ಲ.

ಮಾರ್ಚ್ 3, ಭಾನುವಾರ

ಬೆಳಿಗ್ಗೆಯೇ ಬಾಗಿಲು ಬಡಿದರು. ಈ ಬೀದಿಗೊಂದು ಸಂಘವಂತೆ: ನೆರೆಹೊರೆ ಹಿತರಕ್ಷಣಾ ಸಂಘ. ನೆರೆ ಎಂದರೆ ಪ್ರವಾಹ, ಹೊರೆ ಎಂದರೆ ಭಾರ. ಹೆಸರಿನಲ್ಲೇ ಎಚ್ಚರಿಕೆಯಿದೆ, ಓದಿಕೊಳ್ಳುವವರಿಗೆ.

ಬಂದವರು ಸಂಘದ ಅಧ್ಯಕ್ಷೆ, ಮೂಲೆಮನೆಯ ಹಲ್ಲಿನ ಡಾಕ್ಟರಮ್ಮ. ನಗುವಾಗ ತಮ್ಮ ಹಲ್ಲು ತೋರಿಸುತ್ತಲೇ ನಮ್ಮ ಹಲ್ಲನ್ನು ನೋಡುತ್ತಾರೆ. ಅವರ ಹಿಂದೆ ಎದುರುಮನೆಯ ದರ್ಜಿ, ಕೊರಳಲ್ಲಿ ಅಳತೆಪಟ್ಟಿ. ಅವನ ಹಿಂದೆ ಪಕ್ಕದ ಮನೆಯವರು. ಕಾರು ಕಲಿಸುವ ಶಾಲೆ ನಡೆಸುತ್ತಾರೆ, ಬೀದಿಯಲ್ಲಿ ಎಲ್ಲರೂ ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ಶಿಷ್ಯರ ಪಕ್ಕದಲ್ಲಿ ಕೂತು ಕೂತು ಬಲಗಾಲು ತಾನಾಗಿಯೇ ಒತ್ತುತ್ತದೆ. ನಮ್ಮ ಹೊಸ್ತಿಲು ದಾಟುವಾಗಲೂ ಒತ್ತಿತು.

"ನಮ್ಮಲ್ಲೊಂದು ಪದ್ಧತಿ ಇದೆ ಸಾರ್" ಎಂದರು ಡಾಕ್ಟರಮ್ಮ. "ಪ್ರತಿಮನೆಯವ್ರೂ ತಮ್ಮ ಬಾಗಿಲಿನ ಒಂದು ಕೀಲಿ ಸಂಘಕ್ಕೆ ಕೊಡಬೇಕು. ತಿಂಗಳ ಮೊದಲ ಭಾನುವಾರ ಎಲ್ಲ ಕೀಲೀನೂ ಒಂದು ಬೋಗುಣೀಲಿ ಹಾಕಿ, ಕಣ್ಮುಚ್ಚಿ ಒಂದೊಂದು ಎತ್ಕೋತೀವಿ. ಆ ತಿಂಗಳು ಆ ಮನೆ ನಮ್ಮ ಜವಾಬ್ದಾರಿ."

"ಕೀಲಿಯನ್ನು? ಪರರಿಗೆ?"

"ಪರರು ಯಾರಿದ್ದಾರೆ ಸಾರ್ ಇಲ್ಲಿ?" ಎಂದ ದರ್ಜಿ. ಹೊಲಿದಿಟ್ಟ ಮಾತು.

ಡಾಕ್ಟರಮ್ಮ ದನಿ ತಗ್ಗಿಸಿದರು. "ಹಿಂದೆ ಇಲ್ಲೊಬ್ಬರು ಒಂಟಿಯಾಗಿದ್ರು. ಬಚ್ಚಲಲ್ಲಿ ಬಿದ್ದು ಕೂಗ್ತಾ ಇದ್ರು. ಬಾಗಿಲು ಒಡೆದು ಒಳಗೆ ಹೋಗೋದ್ರೊಳಗೆ..." ನಿಲ್ಲಿಸಿದರು. "ಆಗಿಂದ ಈ ಪದ್ಧತಿ."

ಅಕ್ಕನ ಕಣ್ಣು ಒದ್ದೆಯಾಯಿತು. ನನ್ನದು ಕಿರಿದಾಯಿತು. ನಾಲ್ವತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಕಣ್ಣೀರಿನ ಹಿನ್ನೆಲೆಯಿರುವ ಯೋಜನೆಗಳನ್ನೇ ಮೊದಲು ತನಿಖೆ ಮಾಡಬೇಕು. ತಾವಾಗಿಯೇ ಕೀಲಿ ಕೊಟ್ಟು ಕಳ್ಳತನವಾದರೆ ಯಾವ ವಿಮೆಯೂ ಬಿಡಿಕಾಸು ಕೊಡುವುದಿಲ್ಲ.

ನಮ್ಮ ಬಾಗಿಲಿನದು ಎಳೆದರೆ ತಾನೇ ಬೀಳುವ ಬೀಗ. ಕೀಲಿ ಎರಡು: ನನಗೊಂದು, ಅಕ್ಕನಿಗೊಂದು. ಮೂರನೆಯ ಕೀಲಿ ಮಾಡಿಸುವುದೂ ಕಳ್ಳನಿಗೆ ಆಮಂತ್ರಣ ಕಳಿಸುವುದೂ ಒಂದೇ. ಆದ್ದರಿಂದ ಒಂದು ಮುನ್ನೆಚ್ಚರಿಕೆ ತೆಗೆದುಕೊಂಡೆ. ಹಿಂದಿನ ಮನೆಯ ಕೀಲಿ ನನ್ನ ಪೆಟ್ಟಿಗೆಯಲ್ಲೇ ಇತ್ತು, ನೋಡಲು ಇದರಂತೆಯೇ ಇದೆ. ಅದನ್ನು ಅಕ್ಕನಿಗೆ ಕೊಟ್ಟು, "ಇದಕ್ಕೆ ನಮ್ಮ ಮನೆ ನಂಬರಿನ ಚೀಟಿ ಕಟ್ಟು" ಎಂದೆ. ಅವಳು ಕೀಲಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಕಟ್ಟಿ ತಂದುಕೊಟ್ಟಳು. ಸಂಜೆ ನಾನೇ ಹೋಗಿ ಬೋಗುಣಿಗೆ ಹಾಕಿದೆ. ಮನಸ್ಸು ಹಗುರವಾಯಿತು.

ಕಣ್ಮುಚ್ಚಿ ಎತ್ತಿದಾಗ ನನಗೆ ಸಿಕ್ಕಿದ್ದು ದರ್ಜಿಯ ಮನೆಯ ಕೀಲಿ. ಅದನ್ನು ನನ್ನ ಕೈಯಲ್ಲಿ ಕಂಡು ಅವನು ನಕ್ಕ. ಯಾಕೆ ನಕ್ಕ?

ಮಾರ್ಚ್ 9

ದರ್ಜಿಯ ಮನೆಯವರೆಲ್ಲ ಮಧ್ಯಾಹ್ನ ಊಟಕ್ಕೆ ನೆಂಟರ ಮನೆಗೆ ಹೋದರು. ಒಂದು ಜವಾಬ್ದಾರಿ ವಹಿಸಿಕೊಂಡ ಮೇಲೆ ಅದು ನಡೆಯುತ್ತದೆಯೇ ಎಂದು ನೋಡುವುದು ಕರ್ತವ್ಯ. ಹೋಗಿ ಬಾಗಿಲಿಗೆ ಕೀಲಿ ಹಾಕಿದೆ.

ಕೂಡಲಿಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಉಗುಳು ಹಚ್ಚಿ ಹಾಕಿದೆ. ಕೀಲಿಕೈ ಕೈಕೊಟ್ಟಿತು.

"ಏನ್ ಸಾರ್, ಅವರು ಮನೇಲಿ ಇಲ್ವಲ್ಲ!" ಹಿಂದಿನಿಂದ ಬ್ರೇಕ್ ಮೇಷ್ಟ್ರು.

"ಅಂಗಿಗೆ ಅಳತೆ ಕೊಡೋಣಾಂತ ಬಂದೆ."

"ಬಾಗಿಲಿಗಾ ಸಾರ್?"

ಈ ಮನುಷ್ಯ ಸದ್ದಿಲ್ಲದೆ ಬರುತ್ತಾನೆ. ಬ್ರೇಕ್ ಹಿಡಿಯುವವನಿಗೆ ಹಾರ್ನ್ ಮಾಡುವ ಅಭ್ಯಾಸವಿಲ್ಲ. ಇವನ ಮೇಲೂ ಕಣ್ಣಿಡಬೇಕು.

ಒಟ್ಟಿನಲ್ಲಿ ದರ್ಜಿ ಸಂಘಕ್ಕೆ ಸುಳ್ಳು ಕೀಲಿ ಕೊಟ್ಟಿದ್ದಾನೆ. ನಾನೂ ಕೊಟ್ಟಿದ್ದೇನೆ ಎಂದು ಯಾರಾದರೂ ಹೇಳಿಯಾರು. ನನ್ನದು ಮುನ್ನೆಚ್ಚರಿಕೆ, ಅವನದು ಮೋಸ. ಕಾನೂನಿನಲ್ಲಿ ಉದ್ದೇಶ ಮುಖ್ಯ.

ಮಾರ್ಚ್ 20

ಸಂಜೆ ನಡೆದಾಡಿ ಬಂದಾಗೆಲ್ಲ ಅಕ್ಕ ಮನೆಯಲ್ಲಿರುವುದಿಲ್ಲ. ದರ್ಜಿಯ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತಿರುತ್ತಾಳೆ. ಗುಂಡಿ ಹೊಲಿದುಕೊಡುತ್ತಾ, ಅವನ ಹೆಂಡತಿಯ ಜೊತೆ ಹರಟುತ್ತಾ. ನಾನು ಬಾಗಿಲು ತೆಗೆದ ಮೇಲೇ ಎದ್ದು ಬರುತ್ತಾಳೆ.

"ಮನೇಲಿ ಕೂರೋಕೆ ಏನು ಕಷ್ಟ ನಿನಗೆ?"

"ಇಲ್ಲಿ ಗಾಳಿ ಚೆನ್ನಾಗಿದೆ ಕಣೋ."

ಗಾಳಿ ಎರಡೂ ಕಡೆ ಒಂದೇ. ನಮ್ಮ ಮನೆ ವಿಷಯ ಏನೇನು ಹೊರಗೆ ಹೋಗುತ್ತಿದೆಯೋ. ಬೀದಿಯವರೆಲ್ಲ ಅವಳನ್ನು "ಅಕ್ಕ" ಅನ್ನತೊಡಗಿದ್ದಾರೆ, ಡಾಕ್ಟರಮ್ಮನೂ ಸೇರಿ. ನನ್ನ ಅಕ್ಕನನ್ನು, ನನ್ನನ್ನೊಂದು ಮಾತು ಕೇಳದೆ.

ಏಪ್ರಿಲ್ 7, ಭಾನುವಾರ

ಮತ್ತೆ ಬೋಗುಣಿ. ನನಗೆ ಡಾಕ್ಟರಮ್ಮನ ಕೀಲಿ. ನಮ್ಮದು ಬ್ರೇಕ್ ಮೇಷ್ಟ್ರ ಪಾಲಾಯಿತು. ಅವರು ಅದನ್ನು ಎದೆಗೊತ್ತಿಕೊಂಡು, "ಅಕ್ಕನ ಮನೆ ಕೀಲಿ! ಇನ್ಮೇಲೆ ನಿಶ್ಚಿಂತೆ ಸಾರ್ ನಿಮಗೆ" ಎಂದರು. ನಿಶ್ಚಿಂತನಾಗಿಯೇ ಇದ್ದೆ. ಆ ಕೀಲಿ ಹಾಕಬೇಕಾದ ಬಾಗಿಲು ಊರಿನ ಇನ್ನೊಂದು ತುದಿಯಲ್ಲಿದೆ. ಅಲ್ಲಿಯೂ ಮಾಲೀಕ ಬೀಗ ಬದಲಾಯಿಸಿದ್ದಾನೆ, ನಾನೇ ಹೋಗಿ ನೋಡಿ ಬಂದಿದ್ದೇನೆ.

ಏಪ್ರಿಲ್ 10

ಡಾಕ್ಟರಮ್ಮ ಕ್ಲಿನಿಕ್ಕಿಗೆ ಹೋದ ಹೊತ್ತು ನೋಡಿ ಹಾಕಿದೆ. ಅದೂ ಕೂಡಲಿಲ್ಲ.

ಹಲ್ಲಿನ ಡಾಕ್ಟರ ಕೀಲಿಯ ಹಲ್ಲು ಅವರ ಬಾಗಿಲಿಗೇ ಕೂಡುವುದಿಲ್ಲ. ಕಟ್ಟಿಸಿದ ಹಲ್ಲಿರಬೇಕು.

ಈ ಪದ್ಧತಿ ತಂದ ಅಧ್ಯಕ್ಷೆಯದೇ ಸುಳ್ಳು! ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ನನಗೀಗ ಚಿತ್ರ ಕಾಣತೊಡಗಿದೆ. ಹಳಬರೆಲ್ಲ ಒಳಗೊಳಗೇ ಮಾತಾಡಿಕೊಂಡು ಸುಳ್ಳು ಕೀಲಿ ಕೊಡುವುದು, ಹೊಸದಾಗಿ ಬಂದವರಿಂದ ನಿಜವಾದದ್ದನ್ನು ಇಸಿದುಕೊಳ್ಳುವುದು. ಒಂದು ದಿನ ಹೊಸಬರು ಊರಲ್ಲಿಲ್ಲದಾಗ ಕೆಲಸ ಮುಗಿಸುವುದು. ಇಷ್ಟು ಅಚ್ಚುಕಟ್ಟಾದ ಮೋಸ ನನ್ನ ಸೇವಾವಧಿಯಲ್ಲಿ ಸಿಕ್ಕಿರಲಿಲ್ಲ. ಸಂತೋಷವೇ ಆಯಿತು. ಊಟ ಸೇರಿತು.

ಏಪ್ರಿಲ್ 18

ಸಂಘದವರು ಶಾಲೆಯ ಮುಂದೆ ರಸ್ತೆಯುಬ್ಬು ಹಾಕಿಸಿದರು. ಚರಂಡಿಯ ಒಡೆದ ಮುಚ್ಚಳ ಬದಲಾಯಿಸಿದರು. ಕತ್ತಲ ತಿರುವಿಗೆ ದೀಪ ಹಾಕಿಸಿದರು. ಅಕ್ಕನಿಗೆ ಸಂಭ್ರಮ.

"ನೋಡಿದ್ಯಾ, ಎಷ್ಟು ಚೆನ್ನಾಗಿ ಮಾಡಿದ್ದಾರೆ!"

"ಅದೇ ನನ್ನ ಸಂಶಯ. ಇಷ್ಟು ಚೆನ್ನಾಗಿ ಯಾಕೆ ಮಾಡಬೇಕು?"

ಅವಳು ತಟ್ಟೆ ಕುಕ್ಕಿ ಎದ್ದುಹೋದಳು. ರಸ್ತೆಯುಬ್ಬಿನ ಮೇಲೆ ಬ್ರೇಕ್ ಮೇಷ್ಟ್ರು ತಮ್ಮ ಶಿಷ್ಯರನ್ನು ಹತ್ತಿಸಿ ಇಳಿಸಿ ಅಭ್ಯಾಸ ಮಾಡಿಸುತ್ತಿದ್ದರು. ಸಾರ್ವಜನಿಕ ಉಬ್ಬು, ಖಾಸಗಿ ಲಾಭ. ಬರೆದಿಟ್ಟುಕೊಂಡೆ.

ಏಪ್ರಿಲ್ 26

ಮನೆ ದಲ್ಲಾಳಿಗೆ ಹೇಳಿದ್ದೇನೆ. ಅಕ್ಕನಿಗೂ ಹೇಳಿದೆ: ಮೇ ಕೊನೆಗೆ ಬಿಡುತ್ತೇವೆ, ಕಾರಣ ಸಭೆಯಲ್ಲಿ ಹೇಳುತ್ತೇನೆ, ವರದಿಯ ಸಮೇತ.

ಅವಳು ಜಗಳವಾಡಲಿಲ್ಲ. ಒಗೆದ ಬಟ್ಟೆ ಮಡಿಸುತ್ತಿದ್ದವಳು ನನ್ನದನ್ನು ಒಂದು ಕಡೆ, ತನ್ನದನ್ನು ಇನ್ನೊಂದು ಕಡೆ ಇಡತೊಡಗಿದಳು. ಅಷ್ಟೆ.

"ಇದೇನು?"

"ಆಮೇಲೆ ಬೇರೆ ಮಾಡೋ ಕೆಲಸ ಇರಲ್ಲ ಅಂತ." ಇನ್ನೊಂದು ಅಂಗಿ ಕೊಡವುತ್ತಾ ಹೇಳಿದಳು: "ದರ್ಜಿ ಮನೆ ಮಹಡೀಲಿ ಕೋಣೆ ಖಾಲಿ ಇದೆ. ಕೇಳಿದ್ದೀನಿ."

ನನ್ನ ಅಂಗಿಗಳನ್ನು ಲಕ್ಷಣವಾಗಿ ಮಡಿಸಿದ್ದಳು. ಕಾಲರು ಮುರಿಯದಂತೆ. ಅವಳು ಯಾವತ್ತೂ ಹಾಗೇ ಮಡಿಸುವುದು. ಇವತ್ತು ಯಾಕೆ ಬರೆಯುತ್ತಿದ್ದೇನೋ.

ಮೇ 2, ಗುರುವಾರ

ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ದಲ್ಲಾಳಿಯ ಜೊತೆ ಮನೆ ನೋಡಲು ಹೋದೆ. ಅವನು ಅಡಿಗೆಮನೆಯನ್ನು ಹೊಗಳುತ್ತಿದ್ದ, ನಾನು ಗೋಡೆಯ ತೇವ ಮುಟ್ಟಿ ನೋಡುತ್ತಿದ್ದೆ. ಆಗ ಫೋನು ಬಂತು. ಡಾಕ್ಟರಮ್ಮ. "ಸಾರ್, ಗಾಬರಿ ಆಗ್ಬೇಡಿ" ಎಂದರು. ಗಾಬರಿಯಾಯಿತು.

ಅಕ್ಕ ಒಲೆಯ ಮೇಲೆ ಹಾಲಿಟ್ಟು, ಸ್ಟೂಲು ಹತ್ತಿ ಗಾಳಿಕಿಂಡಿ ಒರೆಸಲು ಹೋಗಿದ್ದಾಳೆ. ಸ್ಟೂಲು ಜಾರಿ ಬಿದ್ದಿದ್ದಾಳೆ. ತೊಡೆಯ ಮೂಳೆ ಮುರಿದಿದೆ. ಏಳಲು ಆಗಿಲ್ಲ. ಹಾಲು ಉಕ್ಕಿ ಬೆಂಕಿ ಆರಿದೆ, ಗ್ಯಾಸು ಬರುತ್ತಲೇ ಇದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ನಾನೇ ಮುಚ್ಚಿ ಹೋಗಿದ್ದೆ. ಕಿಟಕಿಗೆಲ್ಲ ಕಬ್ಬಿಣದ ಕಂಬಿ. ಬಾಗಿಲಿಗೆ ಎಳೆದರೆ ಬೀಳುವ ಬೀಗ.

ಕೂಗಿದ್ದಾಳೆ. ಬ್ರೇಕ್ ಮೇಷ್ಟ್ರಿಗೆ ಕೇಳಿಸಿದೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರು ಗೋಡೆಗೆ ಒರಗಿ ನಿಂತಿದ್ದರು. ಬಲಗಾಲು ನೆಲವನ್ನು ಒತ್ತುತ್ತಲೇ ಇತ್ತು. "ಮೊದಲು ಕಲ್ಲು ಎತ್ಕೊಂಡೆ ಸಾರ್, ಗಾಜು ಒಡೆಯೋಣಾಂತ. ಒಡೆದ್ರೂ ಕಂಬಿ ದಾಟೋದು ಹೇಗೆ? ಅಕ್ಕನ ಕೂಗು ಸಣ್ಣದಾಗ್ತಾ ಬಂತು. ನಮ್ಮವಳು ಒಳಗಿಂದ ಕೀಲಿ ತಂದು ಕೈಗೆ ತುರುಕಿದ್ಲು. ಸುಮ್ನೆ ಹಾಕ್ದೆ ಸಾರ್. ಸುಮ್ನೆ ಅಂದ್ರೆ, ಸುಮ್ನೆ." ನನ್ನ ಮುಖ ನೋಡಿದರು. "ತಿರುಗ್ತು ಸಾರ್."

"ಹೂಂ."

"ಅಲ್ಲ ಸಾರ್... ತಿರುಗ್ತು!"

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಎಂಬ ದನಿಯಲ್ಲಿ ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ದೊಡ್ಡ ಡಾಕ್ಟರು. ಅಕ್ಕನಿಗೆ ಔಷಧಿಯ ಮಂಪರು. ಕೈ ಹಿಡಿದುಕೊಂಡು ಕೂತಿದ್ದೆ. ಅವಳ ಕೈ ಇಷ್ಟು ಚಿಕ್ಕದು ಎಂದು ನನಗೆ ಗೊತ್ತಿರಲಿಲ್ಲ.

ಮೇ 3

ತಿರುಗಬಾರದಿತ್ತು!

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹೊಳೆಯಿತು. ನಾನು ಬೋಗುಣಿಗೆ ಹಾಕಿದ್ದು ಹಳೆಯ ಮನೆಯ ಕೀಲಿ. ಅದು ಈ ಬಾಗಿಲನ್ನು ತೆಗೆಯಲು ಸಾಧ್ಯವೇ ಇಲ್ಲ. ಹಾಗಾದರೆ ಬ್ರೇಕ್ ಮೇಷ್ಟ್ರು ತೆಗೆದದ್ದು ಯಾವ ಕೀಲಿಯಲ್ಲಿ? ಅವರ ಬಳಿ ನಮ್ಮ ಬಾಗಿಲಿನ ನಿಜವಾದ ಕೀಲಿ ಇದೆ ಎಂದಾಯಿತು. ಅದು ಹೇಗೆ ಬಂತು? ಸೋಪಿನ ಮೇಲೆ ಅಚ್ಚೊತ್ತಿ ಮಾಡಿಸಿದ್ದೇ? ಯಾವಾಗ? ಯಾತಕ್ಕೆ?

ಉಪಕಾರ ಮಾಡಿದವರನ್ನು ಸಂಶಯಿಸುವುದು ಕೃತಘ್ನತೆ ಎಂದು ಸಾಮಾನ್ಯರು ಹೇಳಿಯಾರು. ನಮ್ಮ ಕಸುಬಿನಲ್ಲಿ ಬೆಂಕಿ ಆರಿಸಿದವನನ್ನೇ ಮೊದಲು ವಿಚಾರಿಸುತ್ತಿದ್ದೆವು. ಅಷ್ಟು ಬೇಗ ನೀರು ಹಿಡಿದು ಬಂದದ್ದು ಹೇಗೆ ಎಂದು.

ಅವರು ಇವತ್ತು ಆಸ್ಪತ್ರೆಗೆ ಗಂಜಿ ತಂದಿದ್ದರು. ನಾನು ಮೊದಲು ರುಚಿ ನೋಡಿ ಆಮೇಲೆ ಅಕ್ಕನಿಗೆ ಕೊಟ್ಟೆ. ಉಪ್ಪು ಸರಿಯಾಗಿತ್ತು.

ಮೇ 5, ಭಾನುವಾರ

ಮಧ್ಯಾಹ್ನ ಅಕ್ಕನನ್ನು ಮನೆಗೆ ಕರೆತಂದೆವು. ದರ್ಜಿ ಮತ್ತು ಮೇಷ್ಟ್ರು ಸ್ಟ್ರೆಚರಿನ ಎರಡು ತುದಿ ಹಿಡಿದರು. ನಾನು ಬಾಗಿಲು ಹಿಡಿದೆ. ತಿಂಗಳ ಮೊದಲ ಭಾನುವಾರವಾದ್ದರಿಂದ "ಸಭೆ ಅಕ್ಕನ ಮುಂದೇ ಆಗ್ಲಿ, ಅವರಿಗೂ ಬೇಜಾರು ಕಳೆಯತ್ತೆ" ಎಂದರು ಡಾಕ್ಟರಮ್ಮ. ನನಗೂ ಅದೇ ಬೇಕಿತ್ತು.

ನಡುಮನೆಯಲ್ಲಿ ಅಕ್ಕನ ಮಂಚ, ಸುತ್ತ ಕುರ್ಚಿ, ನಡುವೆ ಬೋಗುಣಿ. ಬಿಸ್ಕತ್ತು ಚಹಾ ಆದ ಮೇಲೆ ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ.

"ಈ ಸಂಘದಲ್ಲಿ ಮೋಸ ನಡೆದಿದೆ."

ಚಹಾ ಹೀರುವ ಸದ್ದು ನಿಂತಿತು.

"ಮಾರ್ಚ್ ತಿಂಗಳು ದರ್ಜಿಯವರ ಕೀಲಿ ನನ್ನ ಬಳಿ ಇತ್ತು. ಅದು ಅವರ ಬಾಗಿಲಿಗೆ ಕೂಡುವುದಿಲ್ಲ. ಏಪ್ರಿಲ್‌ನಲ್ಲಿ ಅಧ್ಯಕ್ಷೆಯವರದು. ಅದೂ ಕೂಡುವುದಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ಕೋಣೆ ತುಂಬ ಹೆಗಲುಗಳನ್ನು ಒಟ್ಟಿಗೆ ನೋಡಿದ್ದು ಇದೇ ಮೊದಲು. ಉತ್ಸಾಹ ಬಂತು. ಮೇಷ್ಟ್ರ ಕಡೆಗೆ ಬೆರಳು ಮಾಡಿದೆ.

"ಕೂಡಿದ್ದು ಇವರ ಕೈಯಲ್ಲಿದ್ದ ನಮ್ಮ ಮನೆಯ ಕೀಲಿ ಮಾತ್ರ. ಹೇಗೆ ಕೂಡಿತು? ನಾನು ಕೊಟ್ಟದ್ದು ನಮ್ಮ ಹಳೆ ಮನೆಯ ಕೀಲಿ!"

ಹೇಳಿ ಮುಗಿಸಿದ ಮೇಲೆ ನನ್ನ ಕಿವಿಗೆ ಬಿತ್ತು, ನಾನು ಹೇಳಿದ್ದು.

ದರ್ಜಿ ಮೆಲ್ಲಗೆ ಬಾಯಿ ತೆರೆದ. "ಅಂದ್ರೆ... ನೀವೂನಾ ಸಾರ್?"

"ನೀವೂನಾ ಅಂದರೇನು?"

"ಅಯ್ಯೋ, ಮುಚ್ಚಿಡೋದೇನು ಇನ್ನು? ನಂದು ಹಳೇ ಬೀರೂದು ಸಾರ್. ಬೀರು ಮಾರಿ ಯಾವ ಕಾಲ ಆಯ್ತೋ."

"ನಂದು..." ಮೇಷ್ಟ್ರು ತಲೆ ಕೆರೆದರು. "ನಂದು ಸ್ಕೂಟರ್ದು."

"ಸ್ಕೂಟರ್ ಕೀಲಿ ಅಂತ ನೋಡಿದ್ರೇ ಗೊತ್ತಾಗಲ್ವೇನ್ರೀ?" ಎಂದರು ಡಾಕ್ಟರಮ್ಮ.

"ನೋಡಿದ್ರಲ್ಲ ಮೇಡಂ, ಫೆಬ್ರವರಿ ಪೂರ್ತಿ ನಿಮ್ಮ ಹತ್ರಾನೇ ಇತ್ತು. ಯಾಕೆ ಕೇಳ್ಲಿಲ್ಲ?"

ಡಾಕ್ಟರಮ್ಮ ಎಲ್ಲರ ಹಲ್ಲನ್ನೂ ಬಿಟ್ಟು ನೆಲ ನೋಡಿದರು. "ಹೇಗೆ ಕೇಳಲಿ? ನಂದು ಹಳೇ ಕ್ಲಿನಿಕ್ಕಿಂದು." ಆಮೇಲೆ ತೀರ ಸಣ್ಣ ದನಿಯಲ್ಲಿ ಹೇಳಿದರು: "ಮೊದಲ ತಿಂಗಳು ನಿಜವಾದ್ದೇ ಹಾಕಿದ್ದೆ. ಬೇರೆಯವರ ಕೀಲಿ ಹಾಕಿ ನೋಡ್ದೆ, ಕೂಡ್ಲಿಲ್ಲ. ನಾನೊಬ್ಬಳೇ ದಡ್ಡಿಯಾದೆ ಅನ್ನಿಸ್ತು. ಬದಲಾಯಿಸಿಬಿಟ್ಟೆ."

ಎಲ್ಲರೂ ಎಲ್ಲರ ಬಾಗಿಲಿಗೂ ಹಾಕಿ ನೋಡಿದ್ದರು, ಎದುರಿಗೇ ಅಕ್ಕ ಕೂತಿರುತ್ತಿದ್ದ ನಮ್ಮ ಬಾಗಿಲೊಂದನ್ನು ಬಿಟ್ಟು. ಎಲ್ಲರಿಗೂ ಗೊತ್ತಿತ್ತು. ತಿಂಗಳಿಗೊಮ್ಮೆ ಸೇರಿ, ಕಣ್ಮುಚ್ಚಿ, ತೆಗೆಯಲಾರದ ಬಾಗಿಲುಗಳ ಜವಾಬ್ದಾರಿಯನ್ನು ಒಬ್ಬರಿಂದೊಬ್ಬರು ವಹಿಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು.

"ಅದೆಲ್ಲ ಸರಿ" ಎಂದೆ, ಎಳೆ ಬಿಡದೆ. "ನಮ್ಮ ಕೀಲಿ ಹೇಗೆ ತಿರುಗಿತು?"

"ಅದು ನಂದು ಕಣೋ."

ಅಕ್ಕ. ದಿಂಬಿಗೆ ಒರಗಿ ಬಿಸ್ಕತ್ತು ಅದ್ದುತ್ತಿದ್ದಳು. "ಹಳೇ ಮನೆ ಕೀಲಿ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಅಲ್ಲಿ ಎರಡು ವರ್ಷ ತೆಗೆದು ಹಾಕಿದ ಕೈ ಇದು. ಚೀಟಿನ ನನ್ನ ಕೀಲಿಗೆ ಕಟ್ಟಿದೆ."

"ಯಾಕೆ?"

"ಬಚ್ಚಲಲ್ಲಿ ಕೂಗ್ತಾ ಇದ್ರಲ್ಲ, ಅವರು. ಡಾಕ್ಟರಮ್ಮ ಹೇಳಿದ್ದು ಕೇಳಿಸ್ಲಿಲ್ವಾ ನಿನಗೆ? ನನಗೆ ಕೇಳಿಸ್ತಾನೇ ಇತ್ತು." ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಚಮಚದಲ್ಲಿ ಎತ್ತಿ ತಿಂದಳು. "ತಾನು ಕಳ್ಳ, ಪರರ ನಂಬ. ನೀನೊಬ್ಬನೇ ಅಂದ್ಕೊಂಡಿದ್ದೆ. ಬೀದಿ ಪೂರ್ತಿ ನಿನ್ನ ತಮ್ಮಂದಿರೇ!"

ಮೊದಲು ದರ್ಜಿಯ ಹೆಂಡತಿ ನಕ್ಕಳು. ಆಮೇಲೆ ತಡೆಯಲಾಗಲಿಲ್ಲ. ಬ್ರೇಕ್ ಮೇಷ್ಟ್ರು ನಗುತ್ತಾ ನಗುತ್ತಾ ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡರು. "ಅಕ್ಕ, ಸುಮ್ನೆ ಹಾಕ್ದೆ ಕಣಕ್ಕ. ಹಾಕದೇನೇ ಇರ್ತಿದ್ದೆ."

ಈ ಸಲ ಯಾರೂ ಕಣ್ಮುಚ್ಚಿ ಎತ್ತಲಿಲ್ಲ. ತಂತಮ್ಮ ಕೀಲಿಯನ್ನು ತಾವೇ ಎತ್ತಿಕೊಂಡು ಹೋದರು.

ವರದಿ ಬರೆಯಲು ಕೂತೆ. ಎರಡು ಸಾಲು ಬರೆದೆ. ಪೆನ್ನು ಸರಿಯಿರಲಿಲ್ಲ.

ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅವಳ ಬಳಿ ಇದ್ದದ್ದು ಒಂದೇ ಕೀಲಿ. ಹಾಗಾದರೆ ಇಷ್ಟು ದಿನ ನಾನು ಬಂದು ಬಾಗಿಲು ತೆಗೆಯುವವರೆಗೆ ಆ ಬೆಂಚಿನ ಮೇಲೆ. ಗಾಳಿ ಚೆನ್ನಾಗಿದೆ ಅಂತ.

ಮೇ 8

ಮಾರುಕಟ್ಟೆಯ ತಿರುವಿನಲ್ಲಿ ಕೀಲಿ ಮಾಡುವವನೊಬ್ಬನಿದ್ದಾನೆ, ಛತ್ರಿಯ ಕೆಳಗೆ ಅರ ಹಿಡಿದು ಕೂರುತ್ತಾನೆ. ಅಕ್ಕನಿಗೊಂದು ಕೀಲಿ ಮಾಡಿಸೋಣವೆಂದು ಹೋದರೆ ಅಲ್ಲಿ ದರ್ಜಿ.

"ಕತ್ತರಿ ಸಾಣೆ ಹಿಡಿಸೋಕೆ ಬಂದೆ ಸಾರ್." ಕೈಯಲ್ಲಿ ಕತ್ತರಿಯಿರಲಿಲ್ಲ.

ಅವನ ಹಿಂದೆ ಡಾಕ್ಟರಮ್ಮ, ಮೂಗಿನವರೆಗೆ ಮಾಸ್ಕು. "ಹೀಗೇ ದಾರೀಲಿ ಹೋಗ್ತಾ ಇದ್ದೆ." ದಾರಿಯಲ್ಲಿ ಹೋಗುವವರು ಮುಂದೆ ಹೋಗಬೇಕು, ಇವರು ನಿಂತೇ ಇದ್ದರು. ಅಷ್ಟರಲ್ಲಿ ಕಲಿಕೆಯ ಕಾರು ಕುಪ್ಪಳಿಸುತ್ತಾ ಬಂದು ನಿಂತಿತು. ಶಿಷ್ಯೆಯೊಬ್ಬಳನ್ನು ಸ್ಟಿಯರಿಂಗಿನ ಮುಂದೆ ಬಿಟ್ಟು ಮೇಷ್ಟ್ರು ಇಳಿದರು. ನಮ್ಮನ್ನು ಕಂಡು ಬಲಗಾಲು ಒತ್ತಿತು. "ಪಾರ್ಕಿಂಗ್ ಕಲಿಸ್ತಾ ಇದ್ದೆ..."

"ಏನ್ ಸ್ವಾಮಿ ಇದು" ಎಂದ ಕೀಲಿಯವನು, ಅರದ ಪುಡಿ ಊದುತ್ತಾ. "ನಿಮ್ಮ ಬೀದೀಲಿ ಭಾರಿ ಕಳ್ಳತನ ಆಯ್ತಾ? ಸೋಮವಾರದಿಂದ ಬರ್ತಾನೇ ಇದ್ದೀರಿ ಒಬ್ಬೊಬ್ರೇ."

ಮೂವರೂ ಛತ್ರಿಯ ಕಡ್ಡಿ ಎಣಿಸತೊಡಗಿದರು.

"ಕಳ್ಳತನ ಆಗಿಲ್ಲಪ್ಪ" ಎಂದೆ. "ಕಳ್ಳರು ಸಿಕ್ಕಿದ್ದಾರೆ."

ಮೇ 19

ಅಕ್ಕನ ಆರೈಕೆಗೆ ಸರದಿ ಹಾಕಿಕೊಂಡಿದ್ದಾರೆ. ಬೆಳಿಗ್ಗೆ ಮೇಷ್ಟ್ರ ಹೆಂಡತಿ, ಮಧ್ಯಾಹ್ನ ದರ್ಜಿಯ ಹೆಂಡತಿ. ಅವರು ಕೆಲಸಕ್ಕೆ ಬರುತ್ತಾರೋ ಹರಟೆಗೆ ಬರುತ್ತಾರೋ ಎಂಬ ಸಂಶಯ ನನಗಿದೆ. ಯಾವ ಹೊತ್ತಿನಲ್ಲಿ ಒಳಗೆ ನೋಡಿದರೂ ಯಾರೋ ಇರುತ್ತಾರೆ. ಬಾಗಿಲು ಬಡಿಯುವ ಅಭ್ಯಾಸವೇ ಇಲ್ಲ ಇವರಿಗೆ. ನಾನೇ ಮಾಡಿಸಿಕೊಟ್ಟ ಕೀಲಿ ತಿರುಗಿಸಿಕೊಂಡೇ ಬರುತ್ತಾರೆ.

ಮೊನ್ನೆ ಅಂಗಿ ಮಡಿಸಿದೆ. ಕಾಲರು ಮುರಿಯಿತು. ಅಕ್ಕ ಮಂಚದಿಂದಲೇ ಹೇಳಿಕೊಡುತ್ತಾಳೆ. ಅವಳ ಬಟ್ಟೆಯನ್ನೂ ಅದರ ಜೊತೆಗೇ ಇಟ್ಟೆ. ಜಾಗ ಕಡಿಮೆ.

ಜೂನ್ 2, ಭಾನುವಾರ

ಸಭೆ ಮತ್ತೆ ನಮ್ಮಲ್ಲೇ. ಅಕ್ಕ ಊರುಗೋಲು ಹಿಡಿದು ಕೂತಳು. ಬೋಗುಣಿಯೊಳಗೆ ಹೊಸ ಕೀಲಿಗಳು ಫಳಫಳ ಹೊಳೆಯುತ್ತಿದ್ದವು. ನನಗೆ ಸಿಕ್ಕಿದ್ದು ಮೇಷ್ಟ್ರ ಮನೆಯದು. ತಂದು ಮೊಳೆಗೆ ನೇತುಹಾಕಿದೆ. ಮೊಳೆ ಅಲ್ಲಾಡುತ್ತಿದೆ, ನಾಳೆ ಗಟ್ಟಿ ಮಾಡಬೇಕು. ಹಾಗೆಯೇ ರಸ್ತೆಯುಬ್ಬಿಗೆ ಬಿಳಿ ಪಟ್ಟಿ ಬಳಿಸುವ ಕೆಲಸ ನನಗೆ ಹೊರಿಸಿದ್ದಾರೆ. ಬಣ್ಣದಂಗಡಿಯವನು ಕಲಬೆರಕೆ ಮಾಡದಂತೆ ನಾನೇ ನಿಂತು ನೋಡಬೇಕು.

ಎಲ್ಲರೂ ಹೋದ ಮೇಲೆ ಮನೆ ಮಾಲೀಕನ ಫೋನು.

"ಮೇ ಮುಗೀತಲ್ಲ ಸಾರ್. ಏನು ತೀರ್ಮಾನ ಮಾಡಿದ್ರಿ?"

"ಯಾವ ತೀರ್ಮಾನ?" ಎಂದೆ.

"ಬಿಡೋದು, ಇರೋದು..."

ನಾವು ಬಿಡುವ ಮಾತೇ ಆಡಿಲ್ಲ, ಇವನು ತಾನಾಗಿ ಯಾಕೆ ಎತ್ತಿದ? ಹೆಚ್ಚಿನ ಬಾಡಿಗೆ ಕೊಡುವವರು ಯಾರೋ ಸಿಕ್ಕಿರಬೇಕು. ನಮ್ಮನ್ನು ಎಬ್ಬಿಸುವ ಹುನ್ನಾರ. ಅಕ್ಕನಿಗೆ ಹೇಳಿದೆ: ಈ ಮನುಷ್ಯನ ಮೇಲೆ ಕಣ್ಣಿಡಬೇಕು, ಏನೇ ಮಾಡಲಿ, ಇಲ್ಲಿಂದ ಕದಲುವವನಲ್ಲ ನಾನು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕಾಲು ನೋಯುತ್ತಿರಬೇಕು.